ಪಟ್ಟಣದ ಭೋಜನವೂ ಭೋಗೋಪಭೋಗ ಪರಿಮಾಣವೂ

ಶ್ರಾವಕನು ಮನೆಯಲ್ಲಿರುವಾಗ ವ್ರತವು ಅವನನ್ನು ಕಾಯುತ್ತದೆ; ಪರಸ್ಥಳಕ್ಕೆ ಹೋದಾಗ ಅವನೇ ವ್ರತವನ್ನು ಕಾಯಬೇಕಾಗುತ್ತದೆ. ಮನೆಯಲ್ಲಿ ನೀರು ಸೋಸಿದ್ದೇ ಇರುತ್ತದೆ, ಧಾನ್ಯ ಹಸನು ಮಾಡಿದ್ದೇ ಇರುತ್ತದೆ, ಹೊತ್ತು ಇಳಿಯುವ ಮುನ್ನ ತಾಟು ಹಾಕುವವರು ಇರುತ್ತಾರೆ. ಅಷ್ಟಮಿ ಚತುರ್ದಶಿಗಳನ್ನು ನಾವು ಮರೆತರೂ ಮನೆಯ ಹಿರಿಯರು ಮರೆಯುವುದಿಲ್ಲ. ಇಷ್ಟೆಲ್ಲ ಆಧಾರಗಳ ನಡುವೆ ನಡೆಯುವ ವ್ರತಪಾಲನೆಯಲ್ಲಿ ನಮ್ಮ ಸ್ವಂತದ ಪಾಲು ಎಷ್ಟು, ಮನೆಯವರ ಪಾಲು ಎಷ್ಟು ಎಂಬುದು ನಮಗೆ ತಿಳಿಯುವುದು ಊರನ್ನು ಬಿಟ್ಟ ಮೇಲೆಯೇ.

ನಮ್ಮ ಹಿರಿಯರು ದೊಡ್ಡ ಪಟ್ಟಣಕ್ಕೆ ಹೋಗಬೇಕಾದಾಗ ಬುತ್ತಿಯನ್ನು ಕಟ್ಟಿಕೊಂಡು ಹೋಗುತ್ತಿದ್ದರು. ಬೆಳಗಾವಿ, ಧಾರವಾಡ ಸೀಮೆಯಿಂದ ಮುಂಬಯಿಗೆ ಹೊರಟವರ ಗಂಟಿನಲ್ಲಿ ಕಟಕರೊಟ್ಟಿ, ಶೇಂಗಾ ಚಟ್ನಿ, ನೀರು ಸೋಸುವ ಅರಿವೆ ಇವು ತಪ್ಪದೆ ಇರುತ್ತಿದ್ದವು. ಅಲ್ಲಿ ಇಳಿದುಕೊಳ್ಳಲು ದಾನವೀರ ಸೇಠ್ ಮಾಣಿಕಚಂದ ಹೀರಾಚಂದರು ಕಟ್ಟಿಸಿದ ಹೀರಾಬಾಗ್ ಧರ್ಮಶಾಲೆಯಂತಹ ಸ್ಥಳಗಳಿದ್ದವು. ಹೋಟೆಲಿನ ಮೆಟ್ಟಿಲನ್ನು ಹತ್ತುವ ಪ್ರಶ್ನೆಯೇ ಆಗ ಹುಟ್ಟುತ್ತಿರಲಿಲ್ಲ. ಹತ್ತಿದವನು ತಾನು ನಿಷಿದ್ಧವಾದುದನ್ನು ಮಾಡುತ್ತಿದ್ದೇನೆಂದು ಬಲ್ಲವನಾಗಿದ್ದನು.

ಇಂದಿನ ಸ್ಥಿತಿ ಬೇರೆ. ಮುಂಬಯಿಯ ಅನೇಕ ಉಪಾಹಾರಗೃಹಗಳ ತಿನಿಸುಗಳ ಪಟ್ಟಿಯಲ್ಲಿ ‘ಜೈನ್’ ಎಂಬ ಮಾತು ಅಚ್ಚಾಗಿಯೇ ಇರುತ್ತದೆ. ಪಾವ್‌ಭಾಜಿಯಲ್ಲಿ ಆಲೂಗಡ್ಡೆಗೆ ಬದಲಾಗಿ ಬಾಳೆಕಾಯಿ ಬಂದಿದೆ. ಉಳ್ಳಾಗಡ್ಡಿ ಬೆಳ್ಳುಳ್ಳಿಗಳಿಲ್ಲದ ಸಾರು, ಪಲ್ಯ, ಉಪಾಹಾರಗಳು ಕೇಳಿದ ಕೂಡಲೆ ದೊರೆಯುತ್ತವೆ. ಬೆಂಗಳೂರಿನಲ್ಲಿಯೂ ಈ ಅನುಕೂಲತೆ ಬೆಳೆಯುತ್ತಿದೆ. ಆದುದರಿಂದ ಈಗ ಪ್ರಶ್ನೆಯ ಸ್ವರೂಪವೇ ಬದಲಾಗಿದೆ. ಕಂದಮೂಲಗಳಿಲ್ಲ, ಮದ್ಯ ಮಾಂಸ ಮಧುಗಳಿಲ್ಲ, ಸೂರ್ಯಾಸ್ತವೂ ಆಗಿಲ್ಲ. ಹೀಗಿರುವಾಗ ಊರಿಂದ ಬಂದ ಶ್ರಾವಕನು ನಾಲ್ಕು ದಿನ ಪಟ್ಟಣದ ರುಚಿಗಳನ್ನು ಮನಸಾರೆ ಸವಿದರೆ ಅದರಲ್ಲಿ ದೋಷವೇನು? ವ್ರತವು ಅವನಿಂದ ಕೇಳಬೇಕಾದುದು ಇನ್ನೇನು ಉಳಿಯಿತು? ಈ ಪ್ರಶ್ನೆಯನ್ನು ತರುಣರು ಮಾತ್ರವೇ ಕೇಳುತ್ತಾರೆಂದು ತಿಳಿಯಬಾರದು. ನಾನೂ ನನ್ನೊಳಗೆ ಇದನ್ನೇ ಕೇಳಿಕೊಂಡೆನು, ಅದಕ್ಕೆ ಅನುಕೂಲವಾದ ಉತ್ತರವನ್ನೂ ಕೊಟ್ಟುಕೊಂಡೆನು.

ಮೊದಲಿಗೆ ನ್ಯಾಯವಾದ ಮಾತನ್ನು ಹೇಳಿಬಿಡೋಣ. ಈ ಅನುಕೂಲತೆಯು ಸ್ವಾಗತಾರ್ಹವೇ. ಉದ್ಯೋಗಕ್ಕಾಗಿ, ಔಷಧೋಪಚಾರಕ್ಕಾಗಿ, ವಿದ್ಯಾಭ್ಯಾಸಕ್ಕಾಗಿ ಪಟ್ಟಣದಲ್ಲಿ ಇರಬೇಕಾದ ಸಾವಿರಾರು ಜನರಿಗೆ ಇದರಿಂದ ಉಪಕಾರವಾಗಿದೆ. ಆದರೆ ಆ ಮಾತು ಅಚ್ಚಾದ ಮಾತ್ರಕ್ಕೆ ಪದಾರ್ಥವು ನಮ್ಮ ಆಚಾರಕ್ಕೆ ಪೂರ್ಣವಾಗಿ ಒಪ್ಪಿತೆಂದು ಭಾವಿಸುವುದು ಅವಸರದ ಮಾತು. ಭಾಜಿಯಲ್ಲಿ ಆಲೂಗಡ್ಡೆ ಇಲ್ಲದಿರಬಹುದು. ಅದರ ಜೊತೆಗಿನ ಪಾವ್ ಎಂದಿನ ಹಿಟ್ಟಿನದು, ಎಂದು ಹುದುಗಿಸಿದ್ದು ಎಂಬುದನ್ನು ಯಾರೂ ಹೇಳಲಾರರು. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂಬ ಮರ್ಯಾದೆಯನ್ನು ನಮ್ಮ ಮನೆಗಳಲ್ಲಿ ಪಾಲಿಸುತ್ತ ಬಂದವರಿಗೆ ಇದು ಸಣ್ಣ ಸಂಗತಿಯಲ್ಲ. ಮೊಸರುವಡೆಯಲ್ಲಿ ಉಳ್ಳಾಗಡ್ಡಿ ಇರುವುದಿಲ್ಲ, ಆದರೆ ಬೇಳೆಗೆ ಮೊಸರು ಕೂಡಿದಲ್ಲಿ ದ್ವಿದಳ ದೋಷ ಬರುತ್ತದೆ. ಕಾವಲಿಯೂ ಸೌಟೂ ಕರಿಯುವ ಎಣ್ಣೆಯೂ ಹಲವೆಡೆ ಎಲ್ಲ ತಿನಿಸುಗಳಿಗೂ ಒಂದೇ ಆಗಿರುತ್ತವೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಸಚಿತ್ತ, ಸಚಿತ್ತಸಂಬಂಧ, ಸಚಿತ್ತಸಂಮಿಶ್ರ, ಅಭಿಷವ, ದುಃಪಕ್ವ. ಈ ಐದೂ ಆಹಾರದ್ರವ್ಯವನ್ನೇ ಕುರಿತವು. ಇವುಗಳನ್ನು ಮುಂದಿಟ್ಟುಕೊಂಡು ಪಟ್ಟಣದ ತಾಟನ್ನು ನೋಡಿದರೆ ಎಷ್ಟೋ ಸಂಶಯಗಳು ಏಳುತ್ತವೆ. ವಿವೇಕಿಯಾದವನು ಕೇಳಿ ತಿಳಿದು ಆರಿಸಿಕೊಳ್ಳಬೇಕು. ಇಷ್ಟು ಹೇಳಿ ಈ ಭಾಗವನ್ನು ಬಿಡುತ್ತೇನೆ. ಏಕೆಂದರೆ ಈ ದೋಷಗಳೆಲ್ಲ ಒಂದೊಂದಾಗಿ ಪರಿಹಾರವಾದವೆಂದೇ ಇಟ್ಟುಕೊಂಡರೂ ಮುಖ್ಯವಾದ ಪ್ರಶ್ನೆ ಹಾಗೆಯೇ ನಿಲ್ಲುತ್ತದೆ.

ಆ ಪ್ರಶ್ನೆಗೆ ಉತ್ತರವು ರತ್ನಕರಂಡಕ ಶ್ರಾವಕಾಚಾರದಲ್ಲಿದೆ. ಭೋಗೋಪಭೋಗ ಪರಿಮಾಣವನ್ನು ಗುಣವ್ರತವೆಂದು ಎಣಿಸಿದ ಸಮಂತಭದ್ರಾಚಾರ್ಯರು ಒಮ್ಮೆ ಅನುಭವಿಸಿ ಬಿಡುವ ಅನ್ನಾದಿಗಳನ್ನು ಭೋಗವೆಂದೂ ಮತ್ತೆ ಮತ್ತೆ ಅನುಭವಿಸುವ ವಸ್ತ್ರಾದಿಗಳನ್ನು ಉಪಭೋಗವೆಂದೂ ವಿಂಗಡಿಸುತ್ತಾರೆ. ತ್ರಸಹಿಂಸೆಯುಳ್ಳವುಗಳನ್ನೂ, ಅಲ್ಪಫಲಕ್ಕಾಗಿ ಬಹುಜೀವಗಳ ಘಾತವಾಗುವ ಮೂಲಂಗಿ, ಹಸಿಶುಂಠಿ ಮುಂತಾದವುಗಳನ್ನೂ ಬಿಡಬೇಕೆಂದು ಹೇಳಿದ ಮೇಲೆ ಅವರು ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ವಿರಮಿಸುವುದೇ ವ್ರತವೆಂಬುದು ಅವರ ಅಭಿಪ್ರಾಯ. ಈ ಮಾತನ್ನು ನಾವು ಎಷ್ಟು ಸಲ ಓದಿದ್ದೇವೆ! ಆದರೆ ಅದರ ಅರ್ಥವನ್ನು ಎಷ್ಟು ಸಲ ನಮ್ಮ ತಾಟಿನ ಮೇಲೆ ಇಟ್ಟು ನೋಡಿದ್ದೇವೆ? ಅಯೋಗ್ಯವಾದುದನ್ನು ಬಿಡುವುದು ಜೈನನಾಗಿರುವುದರ ಕನಿಷ್ಠ ಲಕ್ಷಣ. ವ್ರತವು ಪ್ರಾರಂಭವಾಗುವುದು ಯೋಗ್ಯವಾದ ವಸ್ತುಗಳ ನಡುವೆ. ಆದುದರಿಂದ ‘ಇದೆಲ್ಲ ಜೈನ್ ಇದೆ, ಇನ್ನೇನು’ ಎಂದು ನಾವು ಹೇಳುವ ಸ್ಥಳವು ವ್ರತವು ಮುಗಿಯುವ ಸ್ಥಳವಲ್ಲ, ಅದು ತೊಡಗುವ ಸ್ಥಳ.

ಈ ವ್ರತಕ್ಕೆ ಸಮಂತಭದ್ರರು ಹೇಳುವ ಅತಿಚಾರಗಳೂ ತತ್ತ್ವಾರ್ಥಸೂತ್ರದವುಗಳಿಗಿಂತ ಬೇರೆಯಾಗಿವೆ. ವಿಷಯವೆಂಬ ವಿಷದಲ್ಲಿ ಉಪೇಕ್ಷೆಯಿಲ್ಲದಿರುವುದು, ಉಂಡದ್ದನ್ನು ಮರಳಿ ಮರಳಿ ನೆನೆಯುವ ಅನುಸ್ಮೃತಿ, ಉಂಡ ಮೇಲೂ ಬೇಕೆನಿಸುವ ಅತಿಲೌಲ್ಯ, ಮುಂದೆ ದೊರೆಯಬೇಕೆಂಬ ಅತಿತೃಷ್ಣೆ, ಉಣ್ಣುವಾಗಲೇ ಅದರಲ್ಲಿ ಮುಳುಗುವ ಅತ್ಯನುಭವ. ಇವುಗಳಲ್ಲಿ ಒಂದಾದರೂ ತಾಟಿನಲ್ಲಿರುವ ಪದಾರ್ಥವನ್ನು ಕುರಿತದ್ದಲ್ಲ. ಐದೂ ಉಣ್ಣುವವನ ಚಿತ್ತವನ್ನು ಕುರಿತವು. ಸೂತ್ರಕಾರರು ತಾಟನ್ನು ಪರೀಕ್ಷಿಸಿದರು, ಸಮಂತಭದ್ರರು ತಾಟಿನ ಮುಂದೆ ಕುಳಿತವನನ್ನು ಪರೀಕ್ಷಿಸಿದರು. ಒಂದಕ್ಕೊಂದು ವಿರೋಧವಿಲ್ಲ, ಎರಡೂ ಬೇಕು. ಹೋಟೆಲಿನವನು ನಮಗೆ ಸಹಾಯ ಮಾಡಬಲ್ಲದ್ದು ಮೊದಲಿನ ಪಟ್ಟಿಯಲ್ಲಿ ಮಾತ್ರ. ಎರಡನೆಯ ಪಟ್ಟಿಯಲ್ಲಿ ಅವನು ನಮಗಾಗಿ ಏನನ್ನೂ ಮಾಡಲಾರನು.

ಇದನ್ನು ನಾನು ಪುಸ್ತಕದಿಂದ ಕಲಿತೆನೆಂದು ಹೇಳಿದರೆ ಅಸತ್ಯವಾದೀತು. ಕೆಲವು ವರ್ಷಗಳ ಹಿಂದೆ ಮಾರ್ಗಶಿರ ಮಾಸದಲ್ಲಿ ತಮ್ಮನ ಮಗನ ಮನೆಯ ನಾಮಕರಣಕ್ಕಾಗಿ ನಾನೂ ನನ್ನ ಅಕ್ಕನೂ ಮುಂಬಯಿಗೆ ಹೋಗಿದ್ದೆವು. ಹೊರಡುವ ದಿನ ಬೆಳಿಗ್ಗೆ ಅಕ್ಕನು ಬಸದಿಗೆ ಹೋಗಿ ಸ್ವಾಮಿಯ ಸನ್ನಿಧಿಯಲ್ಲಿ ನಿಯಮ ತೆಗೆದುಕೊಂಡಳು: ಈ ಪ್ರವಾಸ ಮುಗಿಯುವ ತನಕ ಊಟಕ್ಕೆ ಎಂಟು ವಸ್ತುಗಳಿಗಿಂತ ಹೆಚ್ಚು ಇಲ್ಲ, ಹೊರಗಿನ ಊಟ ಒಂದೇ ಹೊತ್ತು, ಸಿಹಿ ಒಂದೇ. ನನ್ನನ್ನೂ ಕೇಳಿದಳು. ರಾತ್ರಿಭೋಜನತ್ಯಾಗವೂ ಕಂದಮೂಲತ್ಯಾಗವೂ ನನಗೆ ಯಾವಜ್ಜೀವ ಇವೆ, ಇನ್ನು ನಾಲ್ಕು ದಿನಕ್ಕೆ ಮತ್ತೇನು ಬೇಕು ಎಂದು ನಾನು ನಕ್ಕುಬಿಟ್ಟೆ.

ಮೂರನೆಯ ದಿನ ಆದಿತ್ಯವಾರ. ತಮ್ಮನ ಮಗನು ನಮ್ಮನ್ನು ಒಂದು ದೊಡ್ಡ ಉಪಾಹಾರಗೃಹಕ್ಕೆ ಕರೆದುಕೊಂಡು ಹೋದನು. ಆ ಋತುವಿನಲ್ಲಿ ಮುಂಬಯಿಯಲ್ಲಿ 6 ಗಂಟೆಗೆಲ್ಲ ಹೊತ್ತು ಮುಳುಗುತ್ತದೆಂದು ತಿಳಿದು 4 ಗಂಟೆಗೇ ಕೂಡ್ರಿಸಿದನು. ‘ದೊಡ್ಡಪ್ಪಾ, ಇಲ್ಲಿ ಎಲ್ಲಾ ಜೈನ್ ಸಿಗ್ತದ್ರಿ. ಏನೂ ಸಂಕೋಚ ಮಾಡಬ್ಯಾಡ್ರಿ’ ಎಂದನು. ಕಿಟಕಿಗಳಿಗೆ ದಪ್ಪ ಪರದೆ, ಒಳಗೆ ಹಗಲಿನಲ್ಲಿಯೂ ದೀಪ. ಹೊತ್ತು ಎಲ್ಲಿಗೆ ಬಂದಿದೆಯೆಂದು ತಿಳಿಯುವ ಉಪಾಯವೇ ಅಲ್ಲಿರಲಿಲ್ಲ. ಅಕ್ಕನು ಭಾಜಿಯೊಂದಿಗೆ ಪಾವ್ ಬೇಡವೆಂದು ಬಿಸಿ ರೊಟ್ಟಿ ತರಿಸಿದಳು, ಕೊನೆಗೆ ಹುಡುಗನ ಮನಸ್ಸಿಗಾಗಿ ಶ್ರೀಖಂಡ ತಿಂದಳು. ಬಾಳೆಕಾಯಿಯಿಂದ ಆಲೂಗಡ್ಡೆಯ ಹದ ಹೇಗೆ ಬಂತೆಂದು ಬಡಿಸುವವನನ್ನು ಕೇಳಿದಳು. ‘ಮಾಡಿದವರ ಕೈ ಚಲೋ ಅದ’ ಎಂದು ಹೊಗಳಿದಳು. 5 ಗಂಟೆಯಾಯಿತೇ ಎಂದು ಕೇಳಿ, ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ಮೊದಲೇ ಊಟ ಮುಗಿಸುವ ತನ್ನ ರೂಢಿಯಂತೆ ಕೈ ತೊಳೆದು ಕುಳಿತಳು.

ನಾನು ಮುಗಿಸಲಿಲ್ಲ. ಪಟ್ಟಿಯಲ್ಲಿ ‘ಜೈನ್’ ಎಂದಿದ್ದುದನ್ನೆಲ್ಲ ನೋಡುತ್ತ ಒಂದರ ಮೇಲೊಂದು ತರಿಸಿದೆ. ಕೊನೆಯ ತಾಟು ಬಂದಾಗ 6ಕ್ಕೆ ಐದು ನಿಮಿಷವಿತ್ತು. ‘ಹೊತ್ತು ಮುಳುಗಿತೇನೋ?’ ಎಂದು ಹುಡುಗನನ್ನು ಕೇಳಿದೆ. ಅವನು ಕೈಯಲ್ಲಿದ್ದ ಮೊಬೈಲನ್ನು ನೋಡಿ ‘ಇನ್ನೂ ನಾಕು ನಿಮಿಷ ಅದ ರೀ ದೊಡ್ಡಪ್ಪಾ’ ಎಂದನು. ಆ ನಾಲ್ಕು ನಿಮಿಷಗಳಲ್ಲಿ ನಾನು ಉಂಡ ರೀತಿಯನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಸೂರ್ಯನೊಡನೆ ಪಂದ್ಯ ಕಟ್ಟಿದವನಂತೆ ಉಂಡೆ. ಅಕ್ಕನು ಏನೂ ಅನ್ನಲಿಲ್ಲ. ಹೊರಗೆ ಬಂದಾಗ ಬೀದಿಯ ದೀಪಗಳು ಹತ್ತಿದ್ದವು. ನಿಯಮದ ಅಕ್ಷರಕ್ಕೆ ಭಂಗ ಬಂದಿಲ್ಲವೆಂದು ನಾನು ಸಮಾಧಾನಪಟ್ಟುಕೊಂಡೆ.

ಇದರ ಫಲವು ಮುಂಬಯಿಯಲ್ಲಿ ಕಾಣಲಿಲ್ಲ, ಊರಿಗೆ ಬಂದ ಮೇಲೆ ಕಂಡಿತು. ಮರಳಿದ ದಿನ ಮಧ್ಯಾಹ್ನ ಮನೆಯಲ್ಲಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ. ಎರಡು ತುತ್ತು ಉಂಡು ‘ಯಾಕೋ ಸಪ್ಪಗದ’ ಎಂದೆ. ಆಕೆ ಮಾತಾಡಲಿಲ್ಲ. ಮರುದಿನವೂ ಅದೇ ಮಾತು ನನ್ನ ಬಾಯಿಂದ ಬಂತು. ಮೂರನೆಯ ದಿನ ಪಲ್ಯದಲ್ಲಿ ಹೊಸ ವಾಸನೆಯಿತ್ತು. ಕೇಳಿದಾಗ ಅಂಗಡಿಯಿಂದ ಮಸಾಲೆಯ ಪೊಟ್ಟಣವನ್ನು ತರಿಸಿದ್ದಾಗಿ ಹೇಳಿದಳು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಾರ ಮಸಾಲೆಗಳನ್ನು ತಾನೇ ಆರಿಸಿ, ಒಣಗಿಸಿ, ಕುಟ್ಟಿ, ಮರ್ಯಾದೆ ಮೀರದಂತೆ ಬಳಸುತ್ತ ಬಂದವಳು ಆಕೆ. ಅಂಗಡಿಯ ಪುಡಿ ಆ ಅಡಿಗೆಯ ಮನೆಯ ಹೊಸ್ತಿಲನ್ನು ದಾಟಿದ್ದು ಅದೇ ಮೊದಲು. ಅದನ್ನು ದಾಟಿಸಿದವನು ನಾನು. ಪಟ್ಟಣದ ಹೋಟೆಲಿನಲ್ಲಿ ನಾನು ಭಂಗ ಮಾಡದ ಆಚಾರವು ನನ್ನ ಮನೆಯ ಒಲೆಯ ಬಳಿ ನನ್ನ ನಾಲಗೆಯಿಂದಾಗಿ ಭಂಗವಾಯಿತು. ಅಂದು ತಲೆ ತಗ್ಗಿಸಿ ಉಂಡೆ. ಆಕೆಗೆ ತಪ್ಪು ನನ್ನದೆಂದು ಹೇಳಲು ಮತ್ತೆ ಎರಡು ದಿನ ಬೇಕಾದವು.

ಈಗ ಆ ಐದು ಅತಿಚಾರಗಳನ್ನು ಮತ್ತೆ ನೋಡಬೇಕು. ಕೊನೆಯ ನಾಲ್ಕು ನಿಮಿಷಗಳಲ್ಲಿ ನಡೆದದ್ದು ಅತ್ಯನುಭವ. ಹೊಟ್ಟೆ ತುಂಬಿದ ಮೇಲೂ ಪಟ್ಟಿಯ ಮೇಲೆ ಕಣ್ಣು ಓಡಿದ್ದು ಅತಿಲೌಲ್ಯ. ಮನೆಯ ತಾಟಿನ ಮುಂದೆ ಮುಂಬಯಿಯ ತಾಟು ಬಂದು ನಿಂತದ್ದು ಅನುಸ್ಮೃತಿ. ಮತ್ತೆ ಎಂದು ಹೋಗುವೆನೆಂದು ಮನಸ್ಸಿನಲ್ಲಿ ತಿಥಿ ಎಣಿಸಿದ್ದು ಅತಿತೃಷ್ಣೆ. ಇವೆಲ್ಲಕ್ಕೂ ಬೇರಾದದ್ದು ‘ದೋಷವಿಲ್ಲ’ವೆಂಬ ಧೈರ್ಯದಿಂದ ಬಂದ ಅನುಪೇಕ್ಷೆ. ತಾಟಿನಲ್ಲಿ ಒಂದು ಗೆಡ್ಡೆಯ ಚೂರೂ ಇರಲಿಲ್ಲ. ಐದು ಅತಿಚಾರಗಳೂ ಇದ್ದವು.

ಇಲ್ಲಿ ಕೆಲವರು ಆಕ್ಷೇಪಿಸಬಹುದು. ರುಚಿಯನ್ನು ತಿಳಿಯುವುದು ರಸನೇಂದ್ರಿಯದ ಸ್ವಭಾವ, ಸಿಹಿಯು ಸಿಹಿಯಾಗಿಯೇ ತೋರುತ್ತದೆ. ಗೃಹಸ್ಥನಿಗೆ ಸಂತೋಷದ ಊಟವೇ ಪಾಪವೆಂದರೆ ಅವನು ಬದುಕುವುದು ಹೇಗೆ, ಎಂದು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ದಿಗಂಬರ ಮುನಿಗಳ ಆಹಾರಕ್ಕೆ ಗರ್ತಪೂರಣವೆಂಬ ಹೆಸರುಂಟು. ಗುಂಡಿಯನ್ನು ತುಂಬುವವನು ಮಣ್ಣಿನ ಬಣ್ಣವನ್ನು ನೋಡುವುದಿಲ್ಲ. ದಿನಕ್ಕೊಮ್ಮೆ, ನಿಂತು, ಅಂಗೈಯಲ್ಲಿ ಕೊಂಡು, ಸರಸವೋ ನೀರಸವೋ ಎಣಿಸದೆ ಅವರು ಉದರವೆಂಬ ಗುಂಡಿಯನ್ನು ತುಂಬುತ್ತಾರೆ. ಅದು ಮಹಾವ್ರತಿಗಳ ಮಾರ್ಗ. ಗೃಹಸ್ಥನಿಗೆ ಆಚಾರ್ಯರು ಹೇಳಿದ್ದು ಪರಿಮಾಣ. ಪರಿಮಾಣವೆಂದರೆ ಅಳತೆ, ನಿರ್ಮೂಲನವಲ್ಲ. ಅಳತೆಯೊಳಗಿನ ಸಂತೋಷವನ್ನು ಅವನಿಂದ ಯಾರೂ ಕಸಿದುಕೊಂಡಿಲ್ಲ.

ಆದರೆ ರುಚಿಯ ಜ್ಞಾನ ಬೇರೆ, ರುಚಿಯಲ್ಲಿನ ರಾಗ ಬೇರೆ. ರಾಗಾದಿಗಳು ಹುಟ್ಟದಿರುವುದೇ ಅಹಿಂಸೆ, ಹುಟ್ಟುವುದೇ ಹಿಂಸೆ ಎಂಬುದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ನಿರೂಪಿಸಿದ ತತ್ತ್ವ. ರಾತ್ರಿಭೋಜನವನ್ನು ಅವರು ನಿಷೇಧಿಸುವಾಗಲೂ ದೀಪಕ್ಕೆ ಬೀಳುವ ಸೂಕ್ಷ್ಮಜೀವಿಗಳ ಮಾತನ್ನಷ್ಟೇ ಹೇಳದೆ ರಾತ್ರಿ ಉಣ್ಣುವವನಲ್ಲಿ ರಾಗವು ಅಧಿಕವೆಂಬುದನ್ನೂ ಕಾರಣವಾಗಿ ಕೊಡುತ್ತಾರೆ. ಹೀಗಿರುವಾಗ ಸೂರ್ಯನ ಕೊನೆಯ ಕಿರಣವನ್ನು ಹಿಡಿದುಕೊಂಡು ಆತುರದಿಂದ ಉಂಡವನು ಹಗಲೂಟದವನೋ ರಾತ್ರಿಯೂಟದವನೋ ಎಂಬುದನ್ನು ವಾಚಕರೇ ವಿಚಾರಿಸಬೇಕು.

ಅಕ್ಕನೂ ಅದೇ ತಾಟಿನಿಂದ ಉಂಡಳು. ಆಕೆಗೆ ರುಚಿ ತಿಳಿಯಲಿಲ್ಲವೇ? ನನಗಿಂತ ಚೆನ್ನಾಗಿ ತಿಳಿಯಿತು. ಮಾಡಿದವನ ಕೈಯನ್ನು ಹೊಗಳಿದವಳು ಆಕೆ. ನಾನು ಹೊಗಳುವುದಕ್ಕೂ ಬಿಡುವಿಲ್ಲದೆ ಉಂಡಿದ್ದೆ. ಕೆಲವು ತಿಂಗಳು ಕಳೆದು ಆ ಊಟದ ಮಾತು ಬಂದಾಗ ‘ಚಲೋ ಇತ್ತು’ ಎಂದು, ಹುಡುಗನು ಎಷ್ಟು ಪ್ರೀತಿಯಿಂದ ಬಡಿಸಿಕೊಟ್ಟನೆಂಬುದನ್ನು ಹೇಳಿ, ತನ್ನ ಕೈಯಲ್ಲಿದ್ದ ಮೊರದ ಕಡೆಗೆ ತಿರುಗಿದಳು. ಆಕೆಯ ಪಾಲಿಗೆ ಆ ಊಟವು ಅಲ್ಲಿಯೇ ಮುಗಿದಿತ್ತು; ನನ್ನ ಪಾಲಿಗೆ ಮುಗಿದಿರಲಿಲ್ಲ. ಭೋಗವೆಂದರೆ ಒಮ್ಮೆ ಅನುಭವಿಸಿ ಬಿಡುವಂಥದು ಎಂಬ ಲಕ್ಷಣದ ಅರ್ಥ ನನಗೆ ಆಗ ಹೊಳೆಯಿತು. ಉಂಡೂ ಬಿಡಲಾರದವನು ಭೋಗವನ್ನೇ ಉಪಭೋಗ ಮಾಡಿಕೊಳ್ಳುತ್ತಾನೆ.

ಎರಡನೆಯ ಆಕ್ಷೇಪವು ಆತಿಥ್ಯವನ್ನು ಕುರಿತದ್ದು. ಪಟ್ಟಣದಲ್ಲಿ ದುಡಿಯುವ ಮಕ್ಕಳು ಹಿರಿಯರು ಬಂದರೆಂದು ಸಂತೋಷದಿಂದ ಖರ್ಚು ಮಾಡಿ ಕರೆದೊಯ್ಯುತ್ತಾರೆ. ಅದು ಬೇಡ ಇದು ಬೇಡವೆಂದು ಮುಖ ಸಿಂಡರಿಸಿದರೆ ಅವರ ಮನಸ್ಸಿಗೆ ನೋವಾಗುವುದಿಲ್ಲವೇ? ಆಗುತ್ತದೆ. ವ್ರತದ ಹೆಸರಿನಲ್ಲಿ ಅನ್ಯರನ್ನು ನೋಯಿಸುವುದೂ ಒಂದು ಕಷಾಯವೇ, ಮಾನಕಷಾಯ. ತನ್ನ ತ್ಯಾಗವನ್ನು ಇಡೀ ಪಂಕ್ತಿಗೆ ತೋರಿಸುತ್ತ ಉಪದೇಶ ಮಾಡುವವನು ಆಹಾರದ ರಸವನ್ನು ಬಿಟ್ಟು ಅಹಂಕಾರದ ರಸವನ್ನು ಉಣ್ಣುತ್ತಾನೆ. ಅಕ್ಕನು ಈ ದೋಷಕ್ಕೂ ಸಿಕ್ಕಲಿಲ್ಲ. ತನ್ನ ನಿಯಮವನ್ನು ಆಕೆ ಹೋದ ದಿನವೇ ನಗುತ್ತ ಸೊಸೆಗೆ ತಿಳಿಸಿದ್ದಳು. ಹುಡುಗನ ಒಂದು ದಿನದ ಆಸೆಗೆ ತನ್ನ ಒಂದು ಹೊತ್ತಿನ ಅವಕಾಶವನ್ನು ಮೊದಲೇ ತೆಗೆದಿಟ್ಟಿದ್ದಳು. ಆದುದರಿಂದ ಅಲ್ಲಿ ನಿರಾಕರಣೆಯೂ ಇರಲಿಲ್ಲ, ಭಂಗವೂ ಇರಲಿಲ್ಲ. ಮೊದಲೇ ಅಳೆದುಕೊಂಡವನು ಪಂಕ್ತಿಯಲ್ಲಿ ಸೌಮ್ಯನಾಗಿರಬಲ್ಲನು. ಅಳೆದುಕೊಳ್ಳದವನು ಒಂದೋ ಎಲ್ಲವನ್ನೂ ಉಣ್ಣುತ್ತಾನೆ, ಇಲ್ಲವೇ ಎಲ್ಲರ ಮೇಲೂ ಸಿಡುಕುತ್ತಾನೆ.

ಎಂಟು ವಸ್ತು, ಒಂದು ಸಿಹಿ ಎಂಬ ಎಣಿಕೆಯೇ ಧರ್ಮವಾದೀತೇ ಎಂದೂ ಕೇಳಬಹುದು. ಬೇಲಿಯು ಬೆಳೆಯಲ್ಲ, ನಿಜ. ಆದರೆ ಬೇಲಿಯಿಲ್ಲದ ಹೊಲದ ಬೆಳೆ ದನದ ಪಾಲು. ಇದಕ್ಕಾಗಿಯೇ ಆಚಾರ್ಯರು ಜೀವನಪರ್ಯಂತದ ಯಮದ ಜೊತೆಗೆ ಕಾಲಮಿತಿಯುಳ್ಳ ನಿಯಮವನ್ನೂ ಹೇಳಿದರು. ಇಂದು, ಈ ಹಗಲು, ಈ ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಕಾಲವನ್ನು ಗೊತ್ತುಮಾಡಿಕೊಂಡು ಭೋಜನ, ವಾಹನ, ಶಯನ ಮುಂತಾದವುಗಳಲ್ಲಿ ಮಿತಿಯನ್ನು ಹಾಕಿಕೊಳ್ಳುವ ಕ್ರಮವದು. ಪ್ರವಾಸಕ್ಕೆ ಇದಕ್ಕಿಂತ ಒಪ್ಪುವ ವಿಧಾನ ಬೇರೊಂದಿಲ್ಲ. ಯಮವು ನಮ್ಮ ಬಾಳಿಗೆ ಗೊತ್ತಾದದ್ದು. ಹೊಸ ಊರಿನ ಹೊಸ ಆಕರ್ಷಣೆಗಳಿಗೆ ಹೊಸ ನಿಯಮವೇ ಬೇಕು. ಹಳೆಯ ತ್ಯಾಗದ ಬಂಡವಾಳದಿಂದ ಹೊಸ ಭೋಗವನ್ನು ಕೊಳ್ಳಲು ಹೋದದ್ದೇ ನನ್ನ ತಪ್ಪು.

ಆದುದರಿಂದ ಧರ್ಮಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಪಟ್ಟಣಕ್ಕೆ ಹೋಗಬೇಡಿರೆಂದಾಗಲಿ, ಹೋದಲ್ಲಿ ಹಸಿದು ಕುಳಿತುಕೊಳ್ಳಿರೆಂದಾಗಲಿ ಹೇಳುವುದಿಲ್ಲ. ಹೊರಡುವ ದಿನ ಬಸದಿಯಲ್ಲಿ ನಿಂತು ಸಣ್ಣದಾದರೂ ಒಂದು ನಿಯಮವನ್ನು ತೆಗೆದುಕೊಳ್ಳಿ. ಹೊರಗಿನ ಊಟ ಇಷ್ಟೇ ಹೊತ್ತು, ವಸ್ತು ಇಷ್ಟೇ. ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ, ಉಪ್ಪು ಎಂಬ ಆರು ರಸಗಳಲ್ಲಿ ದಿನಕ್ಕೊಂದರ ತ್ಯಾಗ. ಅಥವಾ ಹಸಿವಿಗಿಂತ ಎರಡು ತುತ್ತು ಕಡಿಮೆ ಉಣ್ಣುವ ಅವಮೌದರ್ಯ. ಯಾವುದಾದರೂ ಆಗಲಿ, ನಿಮ್ಮ ಶಕ್ತಿಗೆ ತಕ್ಕುದಾಗಿರಲಿ. ಮಕ್ಕಳ ಮೇಲೆ ಹೇರದೆ ಅವರೇ ಒಂದನ್ನು ಆರಿಸಿಕೊಳ್ಳುವಂತೆ ಮಾಡಿ. ಮನೆಯವರಿಗೆ ಮೊದಲೇ ತಿಳಿಸಿ, ಉಣ್ಣುವಾಗ ಸಂತೋಷದಿಂದ ಉಣ್ಣಿ. ಮರಳಿ ಬಂದ ಮೇಲೆ ಮೊದಲ ಸಾಮಾಯಿಕದಲ್ಲಿ ಆಲೋಚನೆ ಮಾಡಿ: ಏನು ಉಂಡೆನೆಂಬುದನ್ನಷ್ಟೇ ಅಲ್ಲ, ಯಾವುದು ಇನ್ನೂ ನಾಲಗೆಯ ಮೇಲೆ ಉಳಿದಿದೆಯೆಂಬುದನ್ನೂ.

ಮತ್ತು ಮನೆಯ ಮೊದಲ ಊಟದಲ್ಲಿ ಉಪ್ಪು ಕಾರಗಳ ಮಾತನ್ನು ಎತ್ತಬೇಡಿ. ನಾವು ಪಟ್ಟಣದಲ್ಲಿದ್ದ ಆ ನಾಲ್ಕು ದಿನವೂ ಅಲ್ಲಿ ನೀರು ಸೋಸಿದವರಿದ್ದಾರೆ, ಜಿವಾಣಿಯನ್ನು ಬಾವಿಗೆ ಮುಟ್ಟಿಸಿದವರಿದ್ದಾರೆ, ಕಾಳು ಆರಿಸಿದವರಿದ್ದಾರೆ. ನಮ್ಮ ವ್ರತವು ಬಹಳಮಟ್ಟಿಗೆ ಅವರ ಕೈಯಲ್ಲಿ ಉಳಿದು ಬಂದಿದೆ.